ಗೂಬೆ ಕೂರಿಸುವ ನಕ್ಷೆ

ಮಲ್ಲಂದೂರಿನ ಪಂಚಾಯ್ತಿ ಹಾಲಿನಲ್ಲಿ
ಗೋಡೆಗೆ ಬಿಳಿ ಪಂಚೆ ಕಟ್ಟಿ ನಕ್ಷೆ ತೋರಿಸಿದೆ.
ಹಸಿರು ಉಂಡೆಗಳು: ಮುತ್ತೋಡಿ, ಕೆಮ್ಮಣ್ಣುಗುಂಡಿಯ ಶೋಲಾ,
ಹೆಸರು ಬರೆಯದೆ ಬಿಟ್ಟ ಹದಿನಾರು ದೇವರಕಾಡು.
ನಡುವೆ ನೂಲಿನಂಥ ಗೆರೆ,
ಒಂದು ಹಕ್ಕಿ ಕೂತು, ಹಾರಿ, ಮತ್ತೆ ಕೂತು
ಬೆಳಕಾಗುವುದರೊಳಗೆ ದಾಟಬಹುದಾದ ದೂರ.

ಹಿಂದಿನ ಬೆಂಚಿನಿಂದ ಕೆಂಚೇಗೌಡರು ಎದ್ದರು:
‘ಅಂದ್ರೆ ಮೇಡಂ, ನಮ್ಮ ತೋಟದ ಮೇಲೆ
ಗೂಬೆ ಕೂರ್ಸೋಕೆ ಬಂದಿದೀರಿ.’
ಇಡೀ ಹಾಲು ನಕ್ಕಿತು.
ಹೌದು ಸರ್, ಅಂದೆ.
ಆದರೆ ಎರಡು. ಒಂದು ಜೋಡಿ.

ನನ್ನ ಕೆಲಸ ಅಂಕ ಕೊಡುವುದು,
ದಾಟಲು ಎಷ್ಟು ಕಷ್ಟವೋ ಅಷ್ಟು.
ಅತ್ತಿ, ಹಲಸು, ಗೋಳಿಯ ನೆರಳಿನ ಕಾಫಿಗೆ ಐದು.
ಬರೀ ಸಿಲ್ವರ್ ಓಕು, ಮೈಗೆ ಮೆಣಸಿನ ಬಳ್ಳಿ: ನಲವತ್ತು.
ನೆಟ್ಟಗೆ, ನುಣ್ಣಗೆ, ಪೊಟರೆಯೇ ಇಲ್ಲದ ಮರಗಳು,
ಶಾಲೆಯ ಡ್ರಿಲ್ಲಿಗೆ ನಿಂತ ಹಾಗೆ.
ಡಾಂಬರಿಗೆ ಅರವತ್ತು.
ರಾತ್ರಿಯಿಡೀ ಉರಿಯುವ ಹೋಂಸ್ಟೇ ದೀಪಕ್ಕೆ ಎಂಬತ್ತು ಕೊಟ್ಟು
ಆಮೇಲೆ ಅನುಮಾನ ಬಂದು ತೊಂಬತ್ತು.
‘ಗುಮ್ಮ ಬಂತು’ ಎಂದು ಹೆದರಿಸಿ ಉಣಿಸಿದ ಅನ್ನ
ಬೆಳೆದು ದೊಡ್ಡದಾಗಿ
ಕಲ್ಲೆತ್ತಿಕೊಂಡರೆ ಅದಕ್ಕೆಷ್ಟು?
ಆ ಮನೆ ಖಾಲಿ ಬಿಟ್ಟಿದ್ದೇನೆ.
ಕಡೂರಿನಲ್ಲಿ ನಾನೂ ಅದೇ ಅನ್ನ ಉಂಡವಳು.

ಸಭೆ ಮುಗಿದ ಮೇಲೆ ಪದ್ಮಾಕ್ಷಮ್ಮ
ತನ್ನ ತೋಟದ ತುದಿಗೆ ಕರೆದೊಯ್ದಳು.
ಒಣಗಿ ಏಳು ವರ್ಷವಾದ ಧೂಪದ ಮರ,
ಎದೆಮಟ್ಟದ ಮೇಲೆಲ್ಲ ತೂತು.
‘ಕಡಿಯೋಕೆ ಅರ್ಜಿ ಕೊಟ್ಟೆ, ನಿಮ್ಮ ಇಲಾಖೆ ಉತ್ತರವೇ ಕೊಡಲಿಲ್ಲ.
ಈಗ ನೀವು ಬಂದು ಬಿಡಿ ಅಂತೀರಿ.
ಎರಡೂ ಒಂದೇ ಇಲಾಖೆ ತಾನೆ?’
ಏನು ಹೇಳಲಿ.
ಎಲ್ಲೋ ಒಂದು ಕಡತ ಧೂಳಲ್ಲಿ ಮಲಗಿದ್ದರಿಂದ
ಈ ಮರ ನಿಂತಿದೆ.
ನನ್ನ ನಕ್ಷೆಯಲ್ಲಂತೂ ಇದು ಇಲ್ಲ.
ಉಪಗ್ರಹಕ್ಕೆ ಎಲೆ ಬೇಕು,
ಗೂಬೆಗೆ ತೂತು.

ನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಕಂಡಿದೆ,
ಅರಳಿ ಎಲೆಯಂಥ ಮುಖದ ಈ ಕೆಂಚು ಹಕ್ಕಿ.
ಅದರಲ್ಲಿ ಮೂರು, ರಸ್ತೆಯ ಮೇಲಿನ ಹೆಣ.
ಒಂದರ ರೆಕ್ಕೆಯನ್ನು ಸೋಮ್ಲಾನಾಯ್ಕ ಬಿಡಿಸಿ ತೋರಿಸಿದ್ದ,
ಅಂಚಿಗೆ ಹತ್ತಿಯ ಹಾಗೆ ಜುಂಗು.
‘ನೋಡ್ರಿ, ಸದ್ದಿಗೇ ಸೆರಗು ಹೊಲಿದಾರೆ.’
ತರೀಕೆರೆ ತಾಂಡಾದವನು, ವಾಚರ್,
ಇಪ್ಪತ್ತು ವರ್ಷದಿಂದ ದಿನಗೂಲಿ.

ಪುಷ್ಯದ ಅಮಾವಾಸ್ಯೆ ಕಳೆದು ಮೂರನೇ ರಾತ್ರಿ
ಅವನೂ ನಾನೂ ಗೆರೆಯ ಮೇಲೆ ನಿಂತಿದ್ದೆವು.
ಗೆರೆ ಅಂದರೆ ಅಲ್ಲಿ ಒಂದು ಹಳ್ಳ,
ಚಳಿ, ಮತ್ತು ಯಾರದೋ ಐಬೆಕ್ಸ್ ತಂತಿ.
ಗಣತಿಯ ನಿಯಮ: ಒಂದೇ ಕೂಗು ಲೆಕ್ಕಕ್ಕಿಲ್ಲ,
ಎರಡನೆಯದು ಕೇಳಿದರೆ ಮಾತ್ರ ಚುಕ್ಕಿ.
ದೆವ್ವದ ವಿಷಯದಲ್ಲಿ ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದಳು:
ಒಂದೇ ಸಲ ಕರೆದರೆ ಓಗೊಡಬೇಡ.

ಸೋಮ್ಲಾನಾಯ್ಕ ಬೆರಳು ಮಡಿಚಿ ಶಿಳ್ಳೆ ಹಾಕಿದ.
ಕಾಡಿನ ಕಡೆ ಕಿವಿಯಿಟ್ಟೆವು. ಏನಿಲ್ಲ.
ಮತ್ತೆ ಹಾಕಿದ.
ಬಂತು, ಬೆನ್ನ ಹಿಂದಿನಿಂದ,
ನಾನು ನಲವತ್ತು ಕೊಟ್ಟ ಆ ಡ್ರಿಲ್ಲಿನ ಸಾಲಿನೊಳಗಿಂದ,
ಏರುತ್ತ ಹೋಗಿ ತುದಿಯಲ್ಲಿ ನಡುಗಿದ
ಒಂದೇ ಒಂದು ಕೂಗು.

ಕಾದೆವು.
ಹಾಲಿನ ವ್ಯಾನು ತಿರುವಿನಲ್ಲಿ ಬೆಳಕು ಹಾಯಿಸುವ ತನಕ ಕಾದೆವು.
‘ಬರ್ಕೋಬ್ಯಾಡ್ರಿ, ನಿಯಮ ಅಲ್ಲ,’ ಅಂದವನೇ
ನಾನು ಪೆನ್ಸಿಲ್ ಹುಡುಕುವಾಗ
ಟಾರ್ಚು ಹಿಡಿದ.